ಮೂರು ಮಷಿನ್ನಿಗೆ ಒಂದೇ ನಂಬರ್: ಬೆಟಗೇರಿಯ ಒಂದು ಪ್ರೆಸ್ಸಿನ ಪ್ರಕರಣ

ಲಗ್ನಪತ್ರಿಕೆಯಲ್ಲಿ ಅಕ್ಷತೆಯ ಹೊತ್ತು ತಪ್ಪಿ ಅಚ್ಚಾಗಿತ್ತು. 12:35 ಇರಬೇಕಾದಲ್ಲಿ 11:05. ಹುಡುಗಿಯ ಕಡೆಯವರು ಸಹಿ ಹಾಕಿ ಕೊಟ್ಟ ಪ್ರೂಫಿನಲ್ಲಿ ಕೆಂಪು ಶಾಯಿಯ ತಿದ್ದುಪಡಿ ಎದ್ದು ಕಾಣುತ್ತಿತ್ತು. ಡಿಟಿಪಿ ಕೆಲಸದ ಅಕ್ಕ ಅದನ್ನು ತಿದ್ದಿ, ಸೇವ್ ಮಾಡಿ, ಮತ್ತೊಮ್ಮೆ ತೆರೆದು ನೋಡಿಯೇ ಎದ್ದಿದ್ದರು. ಮರುದಿನ ಪ್ಲೇಟ್ ಮಾಡುವ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆದರೆ ಬಂದದ್ದು ತಿದ್ದುವ ಮುಂಚಿನ ಪುಟ. ಯಾರೂ ಗಮನಿಸಲಿಲ್ಲ. 600 ಕಾರ್ಡು ಆಫ್‌ಸೆಟ್ಟಿನಿಂದ ಇಳಿದು, ಒಣಗಿ, ಕಟ್ಟು ಕಟ್ಟಿ ಹೋದ ಮೇಲೆ ಹುಡುಗಿಯ ಸೋದರಮಾವ ಒಂದು ಕಾರ್ಡು ಕೈಯಲ್ಲಿ ಹಿಡಿದು ಪ್ರೆಸ್ಸಿನ ಮೆಟ್ಟಿಲು ಹತ್ತಿದರು.

ತಪ್ಪು ಅಕ್ಕನದಲ್ಲ, ಪ್ಲೇಟ್ ಮಾಡಿದ ಹುಡುಗನದೂ ಅಲ್ಲ. ನನ್ನದು. ಪ್ರೆಸ್ಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು; ಎಂಟು ತಿಂಗಳ ಹಿಂದೆ ನಾನೇ ಮಾಡಿಟ್ಟ ತಪ್ಪು, ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಪ್ರೆಸ್ಸಿನ ಹೆಸರು ಹಾಕಬೇಡಿ ಎಂದು ಮಾಲಕರು ಹೇಳಿದ್ದಾರೆ, ಉಳಿದದ್ದೆಲ್ಲ ಬರೆಯಲು ಅಡ್ಡಿಯಿಲ್ಲ ಎಂದಿದ್ದಾರೆ. ವರ್ಚುವಲ್ ಮಷಿನ್‌ಗಳಿಗೆ (ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ನಡೆಯುವ ಬೇರೆ ಕಂಪ್ಯೂಟರುಗಳಿಗೆ) ಅವುಗಳದೇ ನೆಟ್‌ವರ್ಕ್ ವಿಳಾಸ ಕೊಡುವ ಕೆಲಸಕ್ಕೆ ಕೈಹಾಕುವವರು ಇದನ್ನು ಒಮ್ಮೆ ಓದಿಕೊಳ್ಳಲಿ ಎಂದು ಬರೆದಿದ್ದೇನೆ.

ಒಂದು ಪೆಟ್ಟಿಗೆಯೊಳಗೆ ಐದು

ಗದಗ-ಬೆಟಗೇರಿಯಲ್ಲಿ ಅಚ್ಚಿನ ಕೆಲಸ ಇವತ್ತಿನದಲ್ಲ. ಈ ಪ್ರೆಸ್ಸಿನಲ್ಲಿ ಎರಡು ಆಫ್‌ಸೆಟ್ ಮಷಿನ್, ಒಂದು ಕಟಿಂಗ್ ಮಷಿನ್, ಡಿಟಿಪಿಗೆ ಮೂರು ಕಂಪ್ಯೂಟರು, ಪ್ಲೇಟಿಗೆ ಒಂದು, ಲೆಕ್ಕಕ್ಕೆ ಒಂದು. ಇವುಗಳ ಹಿಂದೆ ಹಳೆಯ ಕಂಪ್ಯೂಟರುಗಳ ಒಂದು ಗುಡ್ಡೆ ಇತ್ತು: ಒಂದರಲ್ಲಿ ಗಿರಾಕಿಗಳ ಫೈಲು, ಇನ್ನೊಂದರಲ್ಲಿ ಟ್ಯಾಲಿ, ಮತ್ತೊಂದರಲ್ಲಿ ವಿಂಡೋಸ್ ಎಕ್ಸ್‌ಪಿ ಮತ್ತು ಪೇಜ್‌ಮೇಕರ್. ಈ ಎಕ್ಸ್‌ಪಿಯನ್ನು ಬಿಸಾಡುವಂತಿರಲಿಲ್ಲ. ಇಪ್ಪತ್ತು ವರ್ಷದ ಪುಸ್ತಕಗಳ ಪುಟಗಳು ಹಳೆಯ ಕನ್ನಡ ಫಾಂಟುಗಳಲ್ಲಿ ಕೂತಿವೆ, ಬೇರೆಲ್ಲಿ ತೆರೆದರೂ ಒತ್ತಕ್ಷರ ಚೆಲ್ಲಾಪಿಲ್ಲಿ.

ಮಳೆಗಾಲ ಮುಗಿಯುವ ಹೊತ್ತಿಗೆ ಇವನ್ನೆಲ್ಲ ಒಂದೇ ಗಟ್ಟಿ ಕಂಪ್ಯೂಟರಿಗೆ ಹಾಕಿದೆ. ಮೇಲೆ ಡೆಬಿಯನ್ ಎಂಬ ಲಿನಕ್ಸ್, ಅದರ ಮೇಲೆ ವರ್ಚುವಲ್ ಮಷಿನ್ ನಡೆಸುವ ಕೆವಿಎಂ, ಒಳಗೆ ಐದು ವರ್ಚುವಲ್ ಮಷಿನ್: ಫೈಲ್ ಸರ್ವರ್, ಕೆಲಸದ ಚೀಟಿಗಳ ಸಣ್ಣ ವೆಬ್ ಪುಟ, ರಾತ್ರಿ ಪ್ರತಿ ತೆಗೆಯುವ ಬ್ಯಾಕಪ್, ಟ್ಯಾಲಿಗೆ ವಿಂಡೋಸ್ 10, ಆ ಎಕ್ಸ್‌ಪಿ. ಮೊದಲ ಮೂರೂ ಉಬುಂಟು ಎಂಬ ಲಿನಕ್ಸ್. ಒಂದನ್ನು ಅಚ್ಚುಕಟ್ಟಾಗಿ ಇನ್‌ಸ್ಟಾಲ್ ಮಾಡಿ, ಅಪ್‌ಡೇಟ್ ಮಾಡಿ, ಲಾಗಿನ್ ಕೀಲಿಗಳನ್ನೂ ಹಾಕಿಟ್ಟುಕೊಂಡೆ. ಅದರಿಂದ ಮೂರು ಕ್ಲೋನ್, ಅಂದರೆ ಪಡಿಯಚ್ಚು, ತೆಗೆದೆ. ಮೂರು ಸಲ ಅದೇ ಕೆಲಸ ಯಾರು ಮಾಡುತ್ತಾರೆ? ಈ ಸಾಲು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕೆವಿಎಂ ಮಷಿನ್‌ಗಳನ್ನು ನಡೆಸಲು ಬಳಸುವ ಲಿಬ್‌ವರ್ಟ್ ಎಂಬ ಸಾಫ್ಟ್‌ವೇರ್, ನೀವು ಏನೂ ಹೇಳದಿದ್ದರೆ, ಹೊಸ ಮಷಿನ್‌ಗಳನ್ನು ನ್ಯಾಟ್ ಹಿಂದೆ ಇಡುತ್ತದೆ. ಅವಕ್ಕೆ 192.168.122ರ ಸಾಲಿನ ವಿಳಾಸ ಸಿಗುತ್ತದೆ, ಆ ಸಾಲು ಆ ಕಂಪ್ಯೂಟರಿನ ಒಳಗೇ ಹುಟ್ಟಿ ಒಳಗೇ ಮುಗಿಯುತ್ತದೆ. ಹೊರಗೆ ಹೋಗುವ ಪ್ಯಾಕೆಟ್ಟುಗಳು ಹೋಸ್ಟಿನ (ಹೊರಗಿನ ಆ ಗಟ್ಟಿ ಕಂಪ್ಯೂಟರಿನ) ವಿಳಾಸ ಹಚ್ಚಿಕೊಂಡು ಹೋಗುತ್ತವೆ, ಹಾಗಾಗಿ ಒಳಗಿನವರಿಗೆ ಇಂಟರ್ನೆಟ್ ಸಿಗುತ್ತದೆ, ಅಪ್‌ಡೇಟ್ ಆಗುತ್ತದೆ, ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಹೊರಗಿನಿಂದ ಒಳಗೆ ಬರುವವರಿಗೆ ಮಾತ್ರ ದಾರಿಯಿಲ್ಲ. ವಾಡೆಯೊಳಗಿನ ಮಂದಿ ಅಗಸಿ ದಾಟಿ ಪೇಟೆಗೆ ಹೋಗಿ ಬರಬಹುದು, ಪೇಟೆಯವರಿಗೆ ಒಳಗಿನ ಯಾವ ಖೋಲಿ ಯಾರದು ಎಂಬುದು ಗೊತ್ತಿಲ್ಲ, ಅಷ್ಟೇ.

ಮೊದಲ ದಿನ ಪೋರ್ಟ್ ಫಾರ್ವರ್ಡ್ ಮಾಡಿ ನೋಡಿದೆ: ಹೋಸ್ಟಿನ 445ನೆಯ ಪೋರ್ಟಿಗೆ (ಹಂಚಿದ ಫೋಲ್ಡರಿನ ಬಾಗಿಲಿಗೆ) ಬಂದದ್ದನ್ನು ಫೈಲ್ ಸರ್ವರಿಗೆ, 80ಕ್ಕೆ ಬಂದದ್ದನ್ನು ಚೀಟಿ ಪುಟಕ್ಕೆ. ನಡೆಯಿತು. ಆದರೆ ಬ್ಯಾಕಪ್ ಮಷಿನ್ನಿನಲ್ಲೂ ಒಂದು ಫೋಲ್ಡರ್ ಹಂಚಬೇಕಿತ್ತು, ಅದಕ್ಕೂ ಬೇಕಾದದ್ದು 445. ಒಂದು ಬಾಗಿಲಲ್ಲಿ ಇಬ್ಬರು ನಿಲ್ಲುವಂತಿಲ್ಲ. ಎರಡನೆಯದಕ್ಕೆ ಬೇರೆ ಪೋರ್ಟ್ ಕೊಟ್ಟರೆ ವಿಂಡೋಸ್ 10ರಲ್ಲಿ ಹಂಚಿದ ಫೋಲ್ಡರಿಗೆ ಪೋರ್ಟ್ ನಂಬರ್ ಬರೆಯಲು ಜಾಗವೇ ಇಲ್ಲ. ಒಂದೋ ಎರಡೋ ಸೇವೆ ಇರುವಲ್ಲಿ ಪೋರ್ಟ್ ಫಾರ್ವರ್ಡ್ ಸಾಕು. ಅದಕ್ಕಿಂತ ಹೆಚ್ಚಾದರೆ ಪ್ರತಿ ಮಷಿನ್ನಿಗೂ ಬೀದಿಯ ಮೇಲೆ ಅದರದೇ ಬಾಗಿಲು ಬೇಕು.

ಅದಕ್ಕೆ ಬ್ರಿಜ್. ಹೋಸ್ಟಿನ ಒಳಗೆ, ಕರ್ನಲ್ಲಿನಲ್ಲೇ, ಒಂದು ಸ್ವಿಚ್ ಮಾಡುತ್ತೇವೆ. ಕೇಬಲ್ ಚುಚ್ಚಿದ ನೆಟ್‌ವರ್ಕ್ ಕಾರ್ಡು ಆ ಸ್ವಿಚ್ಚಿನ ಒಂದು ಪೋರ್ಟ್ (ಇಲ್ಲಿ ಪೋರ್ಟ್ ಎಂದರೆ ಕೇಬಲ್ ಚುಚ್ಚುವ ಜಾಗ), ಪ್ರತಿ ವರ್ಚುವಲ್ ಮಷಿನ್ ಒಂದೊಂದು ಪೋರ್ಟ್. ಆಮೇಲೆ ಗೋಡೆಯ ಮೇಲಿನ ಎಂಟು ಪೋರ್ಟಿನ ಸ್ವಿಚ್ಚಿಗೆ ನಿಜವಾದ ಕಂಪ್ಯೂಟರ್ ಯಾವುದು, ಒಳಗಿನದು ಯಾವುದು ಎಂದು ವ್ಯತ್ಯಾಸ ಗೊತ್ತಾಗುವುದಿಲ್ಲ. ಪ್ರತಿಯೊಂದಕ್ಕೂ ಅದರದೇ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್, ಇರುತ್ತದೆ. ಕೆವಿಎಂನಲ್ಲಿ ಅದು 52:54:00 ಎಂದು ಶುರುವಾಗುತ್ತದೆ, ಉಳಿದ ಅರ್ಧವನ್ನು ಲಿಬ್‌ವರ್ಟ್ ಯಾದೃಚ್ಛಿಕವಾಗಿ ಆರಿಸುತ್ತದೆ. ಪ್ರತಿಯೊಂದೂ ರೂಟರಿಗೆ ತಾನೇ ಕೈಚಾಚಿ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ತನ್ನ ನಂಬರ್, ಕೇಳುತ್ತದೆ.

ಬ್ರಿಜ್ ಮಾಡುವಾಗ ಹೋಸ್ಟಿನ ಐಪಿ ವಿಳಾಸವನ್ನು ಕಾರ್ಡಿನಿಂದ ತೆಗೆದು ಬ್ರಿಜ್ ಮೇಲೆ ಇಡಬೇಕು. ಕಾರ್ಡಿನ ಮೇಲೇ ಬಿಟ್ಟರೆ ಹೋಸ್ಟ್ ನೆಟ್‌ವರ್ಕಿನಿಂದ ಮಾಯವಾಗುತ್ತದೆ. ಈ ಕೆಲಸವನ್ನು ಹುಬ್ಬಳ್ಳಿಯಲ್ಲಿ ಕೂತು ದೂರದಿಂದ ಮಾಡಹೋಗಬೇಡಿ. ನಾನು ಬೇರೊಂದು ಕಡೆ ಮಾಡಿ, ಆ ಒಂದು ಸಾಲಿಗಾಗಿ ಬಸ್ಸು ಹತ್ತಿದ್ದೇನೆ.

ಪೆಟ್ಟಿಗೆಯನ್ನು ಮಾಳಿಗೆಯ ಮೇಲಿಟ್ಟು ವೈಫೈ ಮೇಲೆ ನಡೆಸಲಾಗದೇ ಎಂದು ಮಾಲಕರು ಕೇಳಿದ್ದರು. ಆಗದು. ವೈಫೈ ಡಬ್ಬಿ ತನ್ನ ಹತ್ತಿರ ಹೆಸರು ನೋಂದಾಯಿಸಿದ ಮ್ಯಾಕ್ ವಿಳಾಸದ ಮಾತನ್ನು ಮಾತ್ರ ಕೇಳುತ್ತದೆ. ಒಂದೇ ಕಾರ್ಡಿನ ಹಿಂದಿನಿಂದ ಐದು ಬೇರೆ ಬೇರೆ ಮ್ಯಾಕ್ ಮಾತಾಡಿದರೆ ನಾಲ್ಕನ್ನು ಬಿಸಾಡುತ್ತದೆ. ಕೇಬಲ್ ಎಳೆಸಿದೆವು.

ಎಕ್ಸ್‌ಪಿಯನ್ನು ಮಾತ್ರ ಬ್ರಿಜ್‌ಗೆ ಹಚ್ಚಲಿಲ್ಲ. ಮೈಕ್ರೋಸಾಫ್ಟ್ ಅದರ ಕೈ ಬಿಟ್ಟದ್ದು 2014ರ ಏಪ್ರಿಲ್ 8ಕ್ಕೆ. ಹಾಗಿರುವಾಗ ಅದನ್ನು ಆಫೀಸಿನ ಬೀದಿಗೆ ತಂದು ನಿಲ್ಲಿಸುವುದು ತಪ್ಪು. ಹೋಸ್ಟಿನ ಪರದೆಯಲ್ಲೇ ಅದರ ಕಿಟಕಿ ತೆರೆದು ಕೆಲಸ ಮಾಡುತ್ತಾರೆ, ಫೈಲಿಗೆ ಪೆನ್‌ಡ್ರೈವ್. ಎಲ್ಲ ಮಷಿನ್ನಿಗೂ ಸ್ವಂತ ವಿಳಾಸ ಬೇಕೆಂದೇನೂ ಇಲ್ಲ.

ಉಳಿದ ನಾಲ್ಕಕ್ಕೂ ಬೇರೆ ಬೇರೆ ನಂಬರ್ ಬಂದವು. ಇಂಟರ್ನೆಟ್ ಕೊಟ್ಟವರು ಇಟ್ಟುಹೋಗಿದ್ದ ರೂಟರ್ ನೆಟ್ಟಗೆ ಹಂಚಿತು. ಆ ನಂಬರುಗಳನ್ನು ಖಾಯಂ ಮಾಡಿಸಬೇಕು ಎಂದುಕೊಂಡೆ. ಮುಂದಿನ ಸಲ ಬಂದಾಗ ಮಾಡೋಣ ಎಂದುಕೊಂಡೆ. ಎಂಟು ತಿಂಗಳು ಕಳೆಯಿತು.

ಅಡ್ಡಮಳೆ

ಬಸವ ಜಯಂತಿಯ ಮರುವಾರ, ಮಂಗಳವಾರ ಸಂಜೆ. ಲಗ್ನದ ಸೀಸನ್ ನಡುಮಧ್ಯ. ಅಡ್ಡಮಳೆ ಗುಡುಗು ಸಿಡಿಲಿನೊಂದಿಗೆ ಬಂತು, ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಯುಪಿಎಸ್ ಬರಿದಾಗಿ ಸರ್ವರ್ ಮಲಗಿತು. ಕರೆಂಟ್ ಬಂದಾಗ ಸರ್ವರ್ ಎದ್ದಿತು, ರೂಟರ್ ಏಳಲಿಲ್ಲ. ಅಡಾಪ್ಟರಿನಿಂದ ಸುಟ್ಟ ವಾಸನೆ.

ಹುಬ್ಬಳ್ಳಿಯಿಂದ ಸುಮಾರು 60 ಕಿಲೋಮೀಟರು. ಅಣ್ಣಿಗೇರಿ ದಾಟುವವರೆಗೂ ಮಳೆ ಬಿಡಲಿಲ್ಲ. ಬ್ಯಾಗಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ಸಾಫ್ಟ್‌ವೇರ್ ಹಾಕಿಟ್ಟಿದ್ದ ಒಂದು ರೂಟರ್ ಇತ್ತು. ಅದನ್ನು ಕೂರಿಸಿದೆ. ಸರ್ವರನ್ನು ಒಮ್ಮೆ ಆರಿಸಿ ಹಚ್ಚಿದೆ. ಫೈಲ್ ಸರ್ವರಿನ ಕಿಟಕಿಯಲ್ಲಿ ಹೊಸ ನಂಬರ್ ನೋಡಿಕೊಂಡೆ: 192.168.1.137. ನಾಲ್ಕು ಕಂಪ್ಯೂಟರಿನಲ್ಲಿ ಹಂಚಿದ ಡ್ರೈವನ್ನು ಆ ನಂಬರಿಗೆ ತಿರುಗಿಸಿದೆ. ಬ್ಯಾಕಪ್ ಮಷಿನ್ನಿಗೆ ಲಾಗಿನ್ ಆಗಿ, ಅದರ ಸ್ಕ್ರಿಪ್ಟಿನಲ್ಲೂ ಫೈಲ್ ಸರ್ವರಿನ ಹೊಸ ನಂಬರ್ ಬರೆದೆ. ಆಗ ರಾತ್ರಿ 11 ದಾಟಿತ್ತು.

ಉಬುಂಟು ಸರ್ವರಿಗೆ ಲಾಗಿನ್ ಆದ ಕೂಡಲೇ ಅದರ ಸ್ವಂತ ಐಪಿ ನಂಬರನ್ನು ಪರದೆಯ ಮೇಲೆ ಬರೆದು ತೋರಿಸುತ್ತದೆ. ನನ್ನ ಕಣ್ಣೆದುರೇ ಇದ್ದಿರಬೇಕು. ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಮಷಿನ್ ಕಾಕಾನ ಫೋನು. ಮೂವತ್ತು ವರ್ಷದಿಂದ ಆಫ್‌ಸೆಟ್ ನಡೆಸುವವರು, ಅವರು ಎಲ್ಲರಿಗೂ ಕಾಕಾನೇ. ಚೀಟಿ ಪುಟ ತೆರೆಯುತ್ತಿಲ್ಲ ಎಂದರು. ಅದರ ನಂಬರೂ ಬದಲಾಗಿರುತ್ತದೆ ಎಂದು ಹೇಳಿ, ಸರ್ವರಿನ ಪರದೆಯಲ್ಲಿ ಅದರ ಕಿಟಕಿ ತೆರೆಸಿ, ಸ್ಕ್ರೀನ್ ಮೇಲೆ ಬರೆದ ನಂಬರ್ ಓದಲು ಹೇಳಿದೆ.

“ಒಂದನೂರಾ ಮೂವತ್ತೇಳು ಐತ್ರಿ.”

“ಅದು ಫೈಲಿಂದು ಕಾಕಾ. ಪಕ್ಕದ ಕಿಡಕಿ ನೋಡ್ರಿ.”

“ಪಕ್ಕದ್ದ ನೋಡೇನ್ರಿ. ಅದೂ ಮೂವತ್ತೇಳ ಐತಿ.”

ಕಾಕಾಗೆ ಕಿಟಕಿ ಗುರುತು ಸಿಗುತ್ತಿಲ್ಲ ಎಂದುಕೊಂಡೆ. ಶನಿವಾರ ಬರುತ್ತೇನೆ, ಅಲ್ಲಿಯವರೆಗೆ ಚೀಟಿ ಕಾಗದದ ಮೇಲೆ ಬರೆಯಿರಿ ಎಂದೆ. ಇಡೀ ಪ್ರಕರಣದ ಉತ್ತರ ಬುಧವಾರ ಬೆಳಿಗ್ಗೆ ಫೋನಿನಲ್ಲಿ ಬಂದಿತ್ತು. ನಾನು ತಳ್ಳಿಹಾಕಿದೆ.

ಅದೇ ದಿನ ಮಧ್ಯಾಹ್ನ ಡಿಟಿಪಿ ಅಕ್ಕನ ಫೋನು: “ಸರ್, ಒಮ್ಮೆ ತೆಗೀತೈತಿ, ಒಮ್ಮೆ ತೆಗ್ಯಾಂಗಿಲ್ಲ. ಸೇವ್ ಮಾಡಾಕ ಹೋದ್ರ ಪರ್ಮಿಷನ್ ಇಲ್ಲ ಅಂತೈತಿ. ನಾನ ಮಾಡಿದ ಫೈಲ್ರಿ ಅದು, ನನಗ ಪರ್ಮಿಷನ್ ಇಲ್ಲಂದ್ರ ಹೆಂಗ?” ಒಂದೆರಡು ಸಲ ಮುಚ್ಚಿ ತೆರೆದರೆ ಸರಿಯಾಗುತ್ತಿತ್ತು. ಹಾಗೇ ಮಾಡಿ ಎಂದೆ. ಹಾಗೇ ಮಾಡಿ ಅವರು ಲಗ್ನಪತ್ರಿಕೆಯ ಹೊತ್ತು ತಿದ್ದಿದರು. ಗುರುವಾರ ಕಾರ್ಡು ಅಚ್ಚಾದವು. ಶುಕ್ರವಾರ ಸೋದರಮಾವ ಬಂದರು, ಅವರ ಹಿಂದೆಯೇ ನಾನೂ.

ಓ ಅಂದವರು ಯಾರು

ಮೊದಲು ಬೈದದ್ದು ಕೇಬಲ್ಲಿಗೆ. ಬದಲಿಸಿದೆ. ಆಮೇಲೆ ಸ್ವಿಚ್ಚಿಗೆ. ಅದನ್ನೂ ಬದಲಿಸಿದೆ. ಪ್ಲೇಟ್ ಕಂಪ್ಯೂಟರಿನಿಂದ 137ಕ್ಕೆ ಪಿಂಗ್ (‘ಇದ್ದೀಯಾ?’ ಎಂದು ಕೇಳುತ್ತಲೇ ಇರುವ ಪರೀಕ್ಷೆ) ಹಚ್ಚಿ ಅರ್ಧ ತಾಸು ಬಿಟ್ಟೆ. ಒಂದೂ ತಪ್ಪಲಿಲ್ಲ. ನೆಟ್‌ವರ್ಕ್ ಗಟ್ಟಿಯಾಗಿದೆ, ಫೈಲ್ ಸರ್ವರಿನಲ್ಲಿ ಫೋಲ್ಡರ್ ಹಂಚುವ ಸಾಂಬಾ ಪ್ರೋಗ್ರಾಂ ಕೆಟ್ಟಿದೆ ಎಂದು ತೀರ್ಮಾನಿಸಿ, ಒಂದೂವರೆ ತಾಸು ಸಾಂಬಾದ ಸೆಟ್ಟಿಂಗ್ ಕೆದರಿದೆ. ಸುಡುಗಾಡು ಪಿಂಗು! ಉತ್ತರ ಬಂತು ಎಂದಷ್ಟೇ ಅದು ಹೇಳುತ್ತದೆ. ಯಾರು ಕೊಟ್ಟರು ಎಂದು ಹೇಳುವುದಿಲ್ಲ.

ಕೊನೆಗೆ ಫೈಲ್ ಸರ್ವರನ್ನು ಪೂರ್ತಿ ಆರಿಸಿ ಹಚ್ಚೋಣ ಎಂದು ಆರಿಸಿದೆ. ಪ್ಲೇಟ್ ಕಂಪ್ಯೂಟರಿನ ಪರದೆಯಲ್ಲಿ ಪಿಂಗ್ ಓಡುತ್ತಲೇ ಇತ್ತು. ಆರಿಸಿದ ಮೇಲೂ 137 ಉತ್ತರ ಕೊಡುತ್ತಿತ್ತು. ಸತ್ತವನನ್ನು ಕೂಗಿದರೆ ಒಳಗಿನಿಂದ ಓ ಅಂದ ಹಾಗೆ.

ಅಲ್ಲಿಂದ ಮುಂದೆ ಬೇಗ ಹೋಯಿತು. ಒಂದು ಐಪಿ ನಂಬರಿನ ಹಿಂದೆ ಯಾವ ಮ್ಯಾಕ್ ಇದೆ ಎಂದು ಪ್ರತಿ ಕಂಪ್ಯೂಟರೂ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಎಆರ್‌ಪಿ ಎಂಬ, 1982ರಷ್ಟು ಹಳೆಯ ವ್ಯವಸ್ಥೆ. ಅದು ಕೆಲಸ ಮಾಡುವ ರೀತಿ ತೀರ ಸರಳ: ‘137 ಯಾರು?’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ, ‘ನಾನು’ ಎಂದವರನ್ನು ನಂಬುತ್ತದೆ. ಇಬ್ಬರು ‘ನಾನು’ ಎಂದರೆ ಜಗಳ ಬಿಡಿಸುವವರು ಯಾರೂ ಇಲ್ಲ. ನಾಲ್ಕು ಕಂಪ್ಯೂಟರಿನ ಪಟ್ಟಿ ತೆಗೆದು ನೋಡಿದರೆ 137ರ ಎದುರು ಅಕ್ಕನ ಕಂಪ್ಯೂಟರಿನಲ್ಲಿ ಒಂದು ಮ್ಯಾಕ್, ಪ್ಲೇಟ್ ಕಂಪ್ಯೂಟರಿನಲ್ಲಿ ಇನ್ನೊಂದು. ಮೂರು ಉಬುಂಟು ಕಿಟಕಿ ತೆರೆದೆ. ಮೂರರಲ್ಲೂ 192.168.1.137. ಟ್ಯಾಲಿಯ ವಿಂಡೋಸ್ ಮಾತ್ರ ತನ್ನ ಪಾಡಿಗೆ ಬೇರೆ ನಂಬರಿನಲ್ಲಿ ಇತ್ತು.

ಈಗ ಎಲ್ಲ ಲಕ್ಷಣಗಳೂ ಒಂದೇ ದಾರಕ್ಕೆ ಪೋಣಿಸಿಕೊಂಡವು. ಅಕ್ಕನ ಕಂಪ್ಯೂಟರಿಗೆ ಫೈಲ್ ಸರ್ವರ್ ಸಿಕ್ಕಾಗ ಎಲ್ಲ ಸರಿ. ಬ್ಯಾಕಪ್ ಮಷಿನ್ ಸಿಕ್ಕಾಗ ಅದೇ ಹೆಸರಿನ ಫೋಲ್ಡರ್, ಅದೇ ಫೈಲುಗಳು, ಆದರೆ ಸೋಮವಾರ ರಾತ್ರಿಯ ಪ್ರತಿ. ಮೇಲೆ, ಬ್ಯಾಕಪ್ ಕೆಡಿಸಬಾರದೆಂದು ಅದನ್ನು ಓದಲು ಮಾತ್ರ ಬಿಟ್ಟಿದ್ದೆ, ಅದಕ್ಕೇ ‘ಪರ್ಮಿಷನ್ ಇಲ್ಲ’. ಚೀಟಿ ಮಷಿನ್ ಸಿಕ್ಕಾಗ ಅಲ್ಲಿ ಹಂಚಿದ ಫೋಲ್ಡರೇ ಇಲ್ಲ, ಅದಕ್ಕೇ ‘ತೆಗ್ಯಾಂಗಿಲ್ಲ’. ಗುರುವಾರ ಪ್ಲೇಟ್ ಕಂಪ್ಯೂಟರಿಗೆ ಸಿಕ್ಕಿದ್ದು ಬ್ಯಾಕಪ್. ಸೋಮವಾರದ ಪ್ರತಿಯಲ್ಲಿ ಅಕ್ಷತೆ 11:05ಕ್ಕೇ ಇತ್ತು.

ಇನ್ನೊಂದು ನೋಡಿ ಎದೆ ಧಸಕ್ಕೆಂದಿತು. ಬ್ಯಾಕಪ್ ಮಷಿನ್ ಮೂರು ರಾತ್ರಿಯೂ 137ಕ್ಕೆ ಹೋಗಿ ಪ್ರತಿ ತಂದಿದೆ, ಲಾಗ್‌ನಲ್ಲಿ ಒಂದೂ ದೋಷವಿಲ್ಲ. 137 ಎಂದರೆ ಅದಕ್ಕೆ ತಾನೇ. ತನ್ನ ಫೋಲ್ಡರನ್ನು ತನ್ನೊಂದಿಗೇ ಹೋಲಿಸಿ, ಏನೂ ಬದಲಾಗಿಲ್ಲ ಎಂದು ಖುಷಿಯಾಗಿ ಮಲಗಿದೆ. ಮಾಮೂಲಾಗಿ ಹೀಗಾದರೆ, ದೂರದ ಮಷಿನ್ನಿಗೆ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಚೀರಾಡಬೇಕು: ಈ ನಂಬರಿನಲ್ಲಿ ಮೊದಲಿದ್ದ ಮಷಿನ್ ಇದಲ್ಲ, ಕೀಲಿ ಬೇರೆ ಎಂದು. ಚೀರಲಿಲ್ಲ. ಯಾಕೆಂದರೆ ಮೂರೂ ಒಂದೇ ಮಷಿನ್ನಿನ ಕ್ಲೋನ್, ಮೂರರ ಎಸ್‌ಎಸ್‌ಎಚ್ ಕೀಲಿಯೂ ಒಂದೇ. ಎಚ್ಚರಿಸಬೇಕಾದ ಗಂಟೆಯ ನಾಲಿಗೆಯನ್ನು ನಾನೇ ಕಿತ್ತಿಟ್ಟಿದ್ದೆ.

ರೂಟರ್ ತಪ್ಪು ಮಾಡಿತೇ

ಕ್ಲೋನ್ ಎಂದ ಕೂಡಲೇ ಎಲ್ಲರೂ ಮೊದಲು ಮ್ಯಾಕ್ ನೋಡುತ್ತಾರೆ. ನಾನೂ ನೋಡಿದೆ. ಕ್ಲೋನ್ ಮಾಡುವ ಉಪಕರಣ ಮೂರಕ್ಕೂ ಹೊಸ ಮ್ಯಾಕ್ ಕೊಟ್ಟಿತ್ತು, ಮೂರೂ ಬೇರೆ ಬೇರೆ. ಅಂದಮೇಲೆ ಬೇರೆ ಮ್ಯಾಕ್‌ನ ಮೂವರಿಗೆ ಒಂದೇ ನಂಬರ್ ಕೊಟ್ಟ ರೂಟರೇ ಹುಚ್ಚು ಎಂದುಕೊಂಡೆ. ಹಳೆಯ ರೂಟರ್ ಎಂಟು ತಿಂಗಳು ಇದೇ ಮೂವರಿಗೆ ಮೂರು ನಂಬರ್ ಕೊಟ್ಟಿರಲಿಲ್ಲವೇ?

ಹೊಸ ರೂಟರಿನ ಪಟ್ಟಿಯಲ್ಲಿ ಮೂರು ಸಾಲು ಇರಬೇಕಿತ್ತು. ಇದ್ದದ್ದು ಒಂದೇ. ಪುಟವನ್ನು ರಿಫ್ರೆಶ್ ಮಾಡುತ್ತ ಹೋದೆ. ಯಾವುದಾದರೂ ಒಂದು ಉಬುಂಟುವನ್ನು ರೀಬೂಟ್ ಮಾಡಿದರೆ ಆ ಸಾಲಿನ ಮ್ಯಾಕ್ ಬದಲಾಗುತ್ತಿತ್ತು. ನಂಬರ್ ಅದೇ, ಸಾಲೂ ಅದೇ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ವಿಳಾಸ ಹಂಚುವುದು ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಂ. ಅದು ಹಂಚಿದ ವಿಳಾಸಗಳನ್ನು ಬರೆದಿಡುವ ಲೀಸ್ ಫೈಲಿನಲ್ಲಿ ಪ್ರತಿ ಸಾಲಿಗೂ ಐದು ಸಂಗತಿ ಇರುತ್ತವೆ: ಅವಧಿ, ಮ್ಯಾಕ್, ಐಪಿ, ಹೆಸರು, ಕೊನೆಗೆ ಒಂದು ಉದ್ದನೆಯ ಕ್ಲೈಂಟ್ ಗುರುತು. ಈ ಕೊನೆಯದನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಓದಿರಲಿಲ್ಲ. ಮ್ಯಾಕ್ ಬದಲಾಗುತ್ತಿತ್ತು, ಆ ಗುರುತು ಬದಲಾಗುತ್ತಿರಲಿಲ್ಲ.

ಹೀಗೆ ವಿಳಾಸ ಕೇಳಿ ಪಡೆಯುವ ಪದ್ಧತಿಗೆ ಡಿಎಚ್‌ಸಿಪಿ ಎಂದು ಹೆಸರು. ಅದರ ನಿಯಮ ಇರುವುದು ಆರ್‌ಎಫ್‌ಸಿ 2131 ಎಂಬ ಇಂಟರ್ನೆಟ್ ದಾಖಲೆಯಲ್ಲಿ, 1997ರ ಮಾರ್ಚ್ ತಿಂಗಳದ್ದು. ಅಲ್ಲಿ ಹೇಳಿದ್ದು ಖಡಾಖಡಿ: ಕೇಳುವವನು ಕ್ಲೈಂಟ್ ಗುರುತು ಕೊಟ್ಟರೆ ಸರ್ವರ್ ಅವನನ್ನು ಆ ಗುರುತಿನಿಂದಲೇ ಗುರುತಿಸಬೇಕು. ಕೊಡದಿದ್ದರೆ ಮಾತ್ರ ಮ್ಯಾಕ್ ನೋಡಬೇಕು. ವಿಂಡೋಸ್ ತನ್ನ ಮ್ಯಾಕ್ ಅನ್ನೇ ಆ ಗುರುತಾಗಿ ಕೊಡುತ್ತದೆ, ಹಾಗಾಗಿ ಟ್ಯಾಲಿ ಮಷಿನ್ನಿಗೆ ಏನೂ ಆಗಲಿಲ್ಲ. ಉಬುಂಟು ಸರ್ವರಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಸಿಸ್ಟಂಡಿ ಬೇರೆ ದಾರಿ ಹಿಡಿದಿದೆ. ಇನ್‌ಸ್ಟಾಲ್ ಆದಾಗ ಪ್ರತಿ ಮಷಿನ್ನಿಗೂ 32 ಅಕ್ಷರದ ಒಂದು ಮಷಿನ್-ಐಡಿ ಹುಟ್ಟುತ್ತದೆ, ಇಟಿಸಿ ಫೋಲ್ಡರಿನಲ್ಲಿ ಒಂದು ಸಣ್ಣ ಫೈಲಾಗಿ ಕೂರುತ್ತದೆ. ಕ್ಲೈಂಟ್ ಗುರುತು ಹುಟ್ಟುವುದು ಅದರಿಂದ ಮತ್ತು ನೆಟ್‌ವರ್ಕ್ ಕಾರ್ಡಿನ ಹೆಸರಿನಿಂದ. ಮ್ಯಾಕ್‌ಗೆ ಅದರಲ್ಲಿ ಪಾತ್ರವಿಲ್ಲ. ಮೂರು ಕ್ಲೋನಿನಲ್ಲೂ ಕಾರ್ಡಿನ ಹೆಸರು ಒಂದೇ. ಮಷಿನ್-ಐಡಿ ತೆರೆದು ನೋಡಿದೆ: ಮೂರರಲ್ಲೂ ಅದೇ 32 ಅಕ್ಷರ.

ಅಂದರೆ ಹೊಸ ರೂಟರಿನ ಲೆಕ್ಕದಲ್ಲಿ ಅಲ್ಲಿ ಮೂವರು ಇರಲೇ ಇಲ್ಲ. ಒಬ್ಬನೇ ಗಿರಾಕಿ, ಆಗಾಗ ಅಂಗಿ ಬದಲಿಸಿಕೊಂಡು ಬರುತ್ತಾನೆ, ಪ್ರತಿ ಸಲ ಅವನ ಹಳೆಯ ನಂಬರನ್ನೇ ಕೊಡುತ್ತಿದೆ. ಡಿಎನ್‌ಎಸ್‌ಮಾಸ್ಕ್ ಹೊಸಬರಿಗೆ ನಂಬರ್ ಕೊಡುವ ಮುಂಚೆ ಆ ನಂಬರಿಗೆ ಒಮ್ಮೆ ಪಿಂಗ್ ಮಾಡಿ ಯಾರಾದರೂ ಇದ್ದಾರೆಯೇ ಎಂದು ನೋಡುತ್ತದೆ. ಇಲ್ಲಿ ಹಾಗೆ ಕೇಳುವ ಪ್ರಸಂಗವೇ ಬರಲಿಲ್ಲ. ಹಳೆಯ ಗಿರಾಕಿಯ ಮನೆಯನ್ನು ಅವನಿಗೇ ಕೊಡುವಾಗ ಒಳಗೆ ಯಾರಿದ್ದಾರೆ ಎಂದು ಯಾಕೆ ಬಾಗಿಲು ಬಡಿಯಬೇಕು?

ಮತ್ತು ಹಳೆಯ ರೂಟರ್? ಅದು ಕ್ಲೈಂಟ್ ಗುರುತಿನ ಕಡೆ ತಲೆ ಹಾಕದೆ ಮ್ಯಾಕ್ ನೋಡಿ ಹಂಚುತ್ತಿತ್ತು. ಮನೆಗಳಿಗೆ ಕೊಡುವ ಅಗ್ಗದ ರೂಟರುಗಳಲ್ಲಿ ಇದು ಸಾಮಾನ್ಯ. ನಿಯಮದಂತೆ ನಡೆದದ್ದು ನನ್ನ ರೂಟರ್, ನಿಯಮ ಮೀರಿದ್ದು ಸುಟ್ಟುಹೋದದ್ದು. ಅದು ನಿಯಮ ಮೀರಿದ್ದರಿಂದಲೇ ನನ್ನ ತಪ್ಪು ಎಂಟು ತಿಂಗಳು ಮುಚ್ಚಿಕೊಂಡಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ‘ರೂಟರ್ ಬದಲಿಸಿದ ಮೇಲೆ ಕೆಟ್ಟಿತು, ಅಂದಮೇಲೆ ರೂಟರೇ ಕೆಟ್ಟದ್ದು’ ಎನ್ನುವ ಮಾತು ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ!

ಇದನ್ನೆಲ್ಲ ಮಾಲಕರಿಗೆ ತಿಳಿಸಿ ಹೇಳಲು ಒದ್ದಾಡುತ್ತಿದ್ದೆ. ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಕಾಕಾ ನಡುವೆ ಬಾಯಿ ಹಾಕಿದರು: “ಬಿಲ್ ಬುಕ್ ಹೊಡಿಯೂವಾಗ ನಾವು ನಂಬರ್ ಪ್ಲೇಟಿನ್ಯಾಗ ಕೂಡಸ್ತೀವೇನ್ರಿ? ನಂಬರಿನ ಜಾಗಾ ಖಾಲಿ ಬಿಟ್ಟು ಹೊಡೀತೀವಿ, ಆಮ್ಯಾಲೆ ನಂಬರಿಂಗ್ ಮಷಿನ್ನಿಗೆ ಹಾಕ್ತೀವಿ. ನೀವು ನಂಬರ್ ಪ್ಲೇಟಿನ್ಯಾಗ ಕೂಡಿಸಿಬಿಟ್ಟೀರಿ. ಎಲ್ಲಾ ಹಾಳೀಗೂ ಅದ ಬಂತು.”

ಕ್ಲೋನ್ ಬಗ್ಗೆ ನಾನು ಓದಿದ ಯಾವ ಕೈಪಿಡಿಯೂ ಇಷ್ಟು ನೇರವಾಗಿ ಹೇಳಿರಲಿಲ್ಲ.

ಸರಿಪಡಿಸಿದ್ದು

ಮೊದಲು ಬ್ಯಾಕಪ್ ಮತ್ತು ಚೀಟಿ ಮಷಿನ್ ಎರಡನ್ನೂ ಆರಿಸಿದೆ. ಬ್ಯಾಕಪ್ಪಿನ ಫೋಲ್ಡರ್ ಓದಲು ಮಾತ್ರ ಇದ್ದದ್ದರಿಂದ ಬರೆದದ್ದೆಲ್ಲ ಫೈಲ್ ಸರ್ವರಿನಲ್ಲೇ ಇತ್ತು, ಯಾವ ಕೆಲಸವೂ ಕಳೆದಿರಲಿಲ್ಲ. ಅದೊಂದು ಪುಣ್ಯ. ಬರೆಯಲು ಬಿಟ್ಟಿದ್ದರೆ ಮೂರು ದಿನದ ತಿದ್ದುಪಡಿ ಎರಡು ಕಡೆ ಹರಿದು ಹಂಚಿಹೋಗಿರುತ್ತಿತ್ತು.

ಆಮೇಲೆ ಎರಡನ್ನೂ ಒಂದೊಂದಾಗಿ ಎಬ್ಬಿಸಿ ಮಷಿನ್-ಐಡಿ ಫೈಲನ್ನು ಬರಿದು ಮಾಡಿದೆ. ಅಳಿಸುವುದಲ್ಲ. ಫೈಲ್ ಇರಬೇಕು, ಒಳಗೆ ಏನೂ ಇರಬಾರದು. ಡಿ-ಬಸ್ ಹೆಸರಿನಲ್ಲಿ ಅದರ ಬೇರೆ ಪ್ರತಿ ಇದ್ದರೆ ಅದನ್ನು ತೆಗೆಯಬೇಕು. ಉಬುಂಟುನಲ್ಲಿ ಸಾಮಾನ್ಯವಾಗಿ ಅದು ಮೂಲ ಫೈಲಿಗೇ ಕೊಂಡಿಯಾಗಿರುತ್ತದೆ. ರೀಬೂಟ್ ಆದಾಗ ಸಿಸ್ಟಂಡಿ ಹೊಸ ಐಡಿ ಮಾಡಿಕೊಂಡಿತು. ಸಿಸ್ಟಂ ಲಾಗ್ ಐಡಿಯ ಹೆಸರಿನ ಫೋಲ್ಡರಿನಲ್ಲಿ ಕೂರುವುದರಿಂದ, ಬದಲಿಸಿದ ಮೇಲೆ ಹೊಸ ಫೋಲ್ಡರಿನಲ್ಲಿ ಶುರುವಾಗುತ್ತದೆ. ಹಳೆಯ ಲಾಗ್ ಕಾಣದಿದ್ದರೆ ಗಾಬರಿ ಬೇಡ, ಪಕ್ಕದ ಫೋಲ್ಡರಿನಲ್ಲಿ ಇರುತ್ತದೆ. ಎಸ್‌ಎಸ್‌ಎಚ್ ಕೀಲಿಗಳನ್ನು ಅಳಿಸಿ ಹೊಸದಾಗಿ ಹುಟ್ಟಿಸಿದೆ. ಬ್ಯಾಕಪ್ ಸ್ಕ್ರಿಪ್ಟ್ ಆ ರಾತ್ರಿ ಮೊದಲ ಸಲ ಚೀರಿತು, ಕೀಲಿ ಬದಲಾಗಿದೆ ಎಂದು. ಕೇಳಿ ಹಿತವಾಯಿತು.

ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲ್ಯಾನ್ ಫೈಲಿನಲ್ಲಿ ಡಿಎಚ್‌ಸಿಪಿ ಗುರುತಾಗಿ ಮ್ಯಾಕ್ ಅನ್ನೇ ಕಳಿಸು ಎಂದು ಒಂದು ಸಾಲು ಬರೆದರೂ ನಂಬರಿನ ಜಗಳ ನಿಲ್ಲುತ್ತದೆ. ಹಲವರು ಅಷ್ಟಕ್ಕೇ ಬಿಡುತ್ತಾರೆ. ನನಗೆ ಅದು ಹುಣ್ಣಿನ ಮೇಲೆ ಬಟ್ಟೆ ಮುಚ್ಚಿದಂತೆ ಅನಿಸುತ್ತದೆ. ಮಷಿನ್-ಐಡಿ ಡಿಎಚ್‌ಸಿಪಿಗೆ ಮಾತ್ರ ಇರುವುದಲ್ಲ, ಬೇರೆ ಪ್ರೋಗ್ರಾಮುಗಳೂ ಅದನ್ನು ಈ ಮಷಿನ್ನಿನ ಗುರುತು ಎಂದೇ ನಂಬುತ್ತವೆ. ಹೊಸ ತಲೆಮಾರಿನ ಐಪಿ ವಿಳಾಸಗಳಾದ ಐಪಿವಿ6ರ ಡಿಎಚ್‌ಸಿಪಿಯಲ್ಲಿ ಕೇಳುವವನನ್ನು ಗುರುತಿಸುವುದು ಇಂಥ ಗುರುತಿನಿಂದಲೇ, ಮ್ಯಾಕ್‌ನಿಂದಲ್ಲ.

ಕ್ಲೋನಿಗೆ ಮೂಲವಾಗಿದ್ದ ಮಷಿನ್ನಿನಲ್ಲೂ ಐಡಿ ಬರಿದು ಮಾಡಿಟ್ಟೆ. ವರ್ಟ್-ಸಿಸ್‌ಪ್ರೆಪ್ ಎಂಬ ಉಪಕರಣ ಈ ಕೆಲಸಕ್ಕೆಂದೇ ಇದೆ: ಆರಿಸಿಟ್ಟ ಮಷಿನ್ನಿನ ಡಿಸ್ಕಿನಿಂದ ಐಡಿ, ಎಸ್‌ಎಸ್‌ಎಚ್ ಕೀಲಿ, ಹಳೆಯ ಲಾಗ್ ಮುಂತಾದ ಸ್ವಂತ ಗುರುತುಗಳನ್ನು ಒರೆಸುತ್ತದೆ. ಕಾಕಾನ ಮಾತಿನಲ್ಲಿ, ನಂಬರಿನ ಜಾಗ ಖಾಲಿ ಬಿಟ್ಟ ಪ್ಲೇಟು.

ಇನ್ನು ಖಾಯಂ ನಂಬರಿನ ವಿಷಯ. ಇದಕ್ಕೆ ಎರಡು ದಾರಿ: ರೂಟರಿನಲ್ಲಿ ಮ್ಯಾಕ್‌ಗೆ ಇಂಥ ನಂಬರ್ ಎಂದು ಕಾಯ್ದಿರಿಸುವುದು, ಇಲ್ಲವೇ ಪ್ರತಿ ಮಷಿನ್ನಿನ ಒಳಗೇ ನಂಬರ್ ಬರೆದುಬಿಡುವುದು. ಪುಸ್ತಕಗಳು ಹೆಚ್ಚಾಗಿ ಮೊದಲನೆಯದನ್ನು ಹೊಗಳುತ್ತವೆ, ಎಲ್ಲ ಒಂದೇ ಕಡೆ ಕಾಣುತ್ತದೆ ಎಂದು. ನಿಜವೇ. ಆದರೆ ಇಲ್ಲಿ ಸಿಡಿಲಿಗೆ ಸುಟ್ಟದ್ದು ರೂಟರೇ. ಕಾಯ್ದಿರಿಸಿದ ಪಟ್ಟಿಯೂ ಅದರೊಂದಿಗೇ ಸುಡುತ್ತಿತ್ತು. ಹಾಗಾಗಿ ಮೂರು ಉಬುಂಟುಗಳಿಗೂ ಒಳಗೇ ಬರೆದೆ: ಫೈಲಿಗೆ 192.168.1.10, ಚೀಟಿಗೆ 11, ಬ್ಯಾಕಪ್ಪಿಗೆ 12. ಓಪನ್‌ಡಬ್ಲ್ಯುಆರ್‌ಟಿ ತಾನಾಗಿ ಹಂಚುವುದು 100ರಿಂದ 249ರವರೆಗೆ, ಆದ್ದರಿಂದ 100ರ ಕೆಳಗಿನವು ಅದರ ಕೈಗೆ ಸಿಗುವುದಿಲ್ಲ. ಒಳಗೆ ಬರೆಯುವಾಗ ಇದನ್ನು ನೋಡಿಕೊಳ್ಳದಿದ್ದರೆ, ರೂಟರ್ ಅದೇ ನಂಬರನ್ನು ಯಾರದೋ ಮೊಬೈಲಿಗೆ ಕೊಟ್ಟು ಇದೇ ಕಥೆ ಮತ್ತೆ ಶುರುವಾಗುತ್ತದೆ. ಟ್ಯಾಲಿಯನ್ನು ಮಾತ್ರ ರೂಟರಿನಲ್ಲೇ ಕಾಯ್ದಿರಿಸಿ 13 ಕೊಟ್ಟೆ, ಅದಕ್ಕೆ ಬರುವ ಲೆಕ್ಕದವರು ಒಳಗಿನ ಸೆಟ್ಟಿಂಗ್ ಮುಟ್ಟುವುದುಂಟು. ನಾಳೆ ಯಾರಾದರೂ 192.168.0ರ ಸಾಲಿನ ರೂಟರ್ ತಂದಿಟ್ಟರೆ ಒಳಗೆ ಬರೆದ ಮೂರೂ ಕಾಣೆಯಾಗುತ್ತವೆ. ಅದು ಗೊತ್ತಿದ್ದೇ ಮಾಡಿದ್ದು. ಪೂರ್ತಿ ಕಾಣೆಯಾದರೆ ಕೂಡಲೇ ಫೋನು ಬರುತ್ತದೆ. ಅರ್ಧಂಬರ್ಧ ಕಂಡರೆ ಏನಾಗುತ್ತದೆ ಎಂದು ನೋಡಿಯಾಗಿದೆ.

ಶನಿವಾರ ಕಾರ್ಡು ಮತ್ತೆ ಹೊಡೆದರು. ಕಾಗದದ ಖರ್ಚು ನಾನು ಕೊಡುತ್ತೇನೆ ಎಂದೆ. ಮಾಲಕರು ಅರ್ಧ ತೆಗೆದುಕೊಂಡರು. “ಪೂರ್ತಿ ತಗೊಂಡ್ರ ನೀವು ಮುಂದ ಬರಾಂಗಿಲ್ಲ, ಏನೂ ತಗೋಳಿಲ್ಲಂದ್ರ ನಿಮಗ ನೆನಪ ಇರಾಂಗಿಲ್ಲ” ಎಂದರು. ಸೋದರಮಾವ ಹೊಸ ಕಟ್ಟನ್ನು ಅಲ್ಲೇ ಬಿಚ್ಚಿಸಿ, ಹತ್ತು ಕಾರ್ಡು ಎಣಿಸಿ ಒಂದೊಂದರಲ್ಲೂ ಹೊತ್ತು ಓದಿಯೇ ಒಯ್ದರು.

ಮುಂದಿನ ಸಲ ಹೋದಾಗ ಸರ್ವರಿನ ಪಕ್ಕದ ಮೊಳೆಗೆ ಒಂದು ಪ್ಯಾಡ್ ನೇತಾಡುತ್ತಿತ್ತು. ಉಳಿದ ಕಾಗದದ ತುಂಡಿನಲ್ಲಿ ಕಾಕಾ ಹೊಡೆದು ಕಟ್ಟಿದ್ದು. ಗೆರೆ ಹಾಕಿದ ನಾಲ್ಕು ಅಂಕಣ: ನಂಬರ್, ಮಷಿನ್, ಕೊಟ್ಟವರು, ತಾರೀಖು. 10, 11, 12, 13 ಅಕ್ಕನ ದುಂಡು ಅಕ್ಷರದಲ್ಲಿ ತುಂಬಿದ್ದವು. ಐದನೆಯ ಸಾಲಿನಲ್ಲಿ ಎಕ್ಸ್‌ಪಿ, ನಂಬರಿನ ಜಾಗದಲ್ಲಿ ‘ಇಲ್ಲ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.